ಮೂರು ಊರಿನಲ್ಲಿ ಪಾಸಾದ ಡಾಲರು

ಒಳ್ಳೆಯದೇನಾದರೂ ಕೈಗೆ ಬಂದರೆ ಅದನ್ನು ಅನುಮಾನಿಸದೆ ಅನುಭವಿಸುವ ಶಕ್ತಿ ನನಗಿಲ್ಲ. ಹೆಣ್ಣಿನ ಕಡೆಯವರು ನನ್ನನ್ನು ಒಪ್ಪಿದರೆಂದು ತಿಳಿದಾಗ, 'ಪಾಪ, ಇವರಿಗೆ ಅಂಥದೇನು ಕಷ್ಟವಿರಬಹುದು?' ಎಂದು ಎರಡು ದಿನ ಊಟ ಬಿಟ್ಟವನು. ಈ ಸ್ವಭಾವದ ದೆಸೆಯಿಂದಲೇ ಮಂಡ್ಯದ ನಮ್ಮ ಮನೆಯಲ್ಲಿ ಈಗ ಬೆಳ್ಳಿಯ ಕುಂಕುಮದ ಬಟ್ಟಲುಗಳಿಲ್ಲ. ಗೌರಿಹಬ್ಬಕ್ಕೆ ಇನ್ನು ನಾಲ್ಕೇ ದಿನ. ಬಟ್ಟಲು ಕೊಟ್ಟಿದ್ದ ಅತ್ತೆ ಹಬ್ಬಕ್ಕೆ ಬರುತ್ತಿದ್ದಾರೆ.

ನಮ್ಮ ಬೀದಿಯ ನಿವೃತ್ತ ಇಂಜಿನಿಯರ್ ರಾಯರಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು. ಅಮೆರಿಕದ ಹಳೇ ಬೆಳ್ಳಿ ಡಾಲರು ಯಾರಾದರೂ ತಂದರೆ ಐವತ್ತು ರೂಪಾಯಿ ಕೊಡುತ್ತೇನೆ ಎಂದಿದ್ದರು. ಐವತ್ತಕ್ಕೆ ನಾನು ಶಾಲೆಯಲ್ಲಿ ಎರಡು ತಿಂಗಳು ಗಂಟಲು ಹರಿದುಕೊಳ್ಳಬೇಕು. ಮದ್ದೂರಿನ ಹಳೇ ಪಾತ್ರೆ ಅಂಗಡಿಯ ಗಫೂರ್ ಸಾಹೇಬರ ಹತ್ತಿರ ಅಂಥದೊಂದು ಕಂಡಿತು. ಯುದ್ಧಕ್ಕೆಂದು ರೈಲಿನಲ್ಲಿ ಹೋಗುತ್ತಿದ್ದ ಅಮೆರಿಕದ ಸಿಪಾಯಿಯೊಬ್ಬ ಕೊಟ್ಟದ್ದಂತೆ. ಒಂದು ಕಡೆ ದುಂಡು ಮುಖದ ಹೆಂಗಸು, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ನಮ್ಮ ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳೇ ಅದಕ್ಕಿಂತ ಮೈ ತುಂಬಿಕೊಂಡಿವೆ. ಸಾಹೇಬರು ಬೆಳ್ಳಿಗೆ ಬೆಳ್ಳಿಯೇ ಬೇಕೆಂದರು. ಮೆರುಗು ಹಾಕಿಸಿ ತರುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ ಬಟ್ಟಲ ಜೋಡಿಯನ್ನು ಒಯ್ದು ಕೊಟ್ಟೆ. ಐವತ್ತು ಬಂದರೆ ಇನ್ನೂ ತೂಕದ ಜೋಡಿಯನ್ನೇ ಮಾಡಿಸಬಹುದಲ್ಲ!

ರೈಲು ಮಂಡ್ಯ ಮುಟ್ಟುವ ಮುಂಚೆಯೇ ಅನುಮಾನ ಹತ್ತಿತು. ಒಳಗೆ ಸೀಸವಿದ್ದರೆ? ನಮ್ಮೂರ ಅಕ್ಕಸಾಲಿ ಅಂಚಿಗೆ ಉಳಿ ಇಟ್ಟು ಒಂದು ಕಚ್ಚು ಹೊಡೆದು ನೋಡಿ, "ಅಪ್ಪಟ ಬೆಳ್ಳಿ ಕಣ್ರೀ ಮೇಷ್ಟ್ರೇ, ಸುಮ್ಕೆ ಮನೆಗೋಗಿ" ಎಂದ. ಅಷ್ಟು ಬೇಗ ಹೇಳಿದನಲ್ಲ, ಸರಿಯಾಗಿ ನೋಡಿದನೋ ಇಲ್ಲವೋ? ಮರುದಿನ ಮದ್ದೂರಿನ ಅಕ್ಕಸಾಲಿಯಿಂದ ಇನ್ನೊಂದು ಕಚ್ಚು ಹೊಡೆಸಿದೆ. ಅವನೂ ಬೆಳ್ಳಿಯೆಂದ. ಆದರೆ ಅವನ ಅಂಗಡಿ ಸಾಹೇಬರ ಅಂಗಡಿಯ ಎದುರಿಗೇ ಇತ್ತು! ಭಾನುವಾರ ಮಳವಳ್ಳಿಗೆ ಹೊರಟೆ. ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ ಬಂದಾಗಿನಿಂದ ಬಸ್ಸು ಇದ್ದಿಲಿನಲ್ಲಿ ಓಡುತ್ತದೆ. ಓಡುತ್ತದೆ ಎಂದರೆ, ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳುತ್ತೇವೆ.

ಮಳವಳ್ಳಿಯ ಮುದಿ ಅಕ್ಕಸಾಲಿ ಡಾಲರನ್ನು ತಿರುಗಿಸಿ ನೋಡಿದ. "ಆಗ್ಲೇ ಇಬ್ರು ಉಳಿ ಇಕ್ಕವ್ರಲ್ಲ ಸೋಮಿ. ನಾನೂ ಇಕ್ಕದಾ?"

"ಇಕ್ಕಿ," ಎಂದೆ.

"ಬೆಳ್ಳಿನೇಯ. ಇಂಗೇ ಊರೂರು ಸುತ್ತುದ್ರೆ ಆಮೇಕೆ ತೋರ್ಸಕ್ಕೆ ಡಾಲ್ರೇ ಇರಾಕಿಲ್ಲ ನೋಡಿ!"

ಜನ್ಮದಲ್ಲಿ ಮೊದಲ ಸಲ ನಿಶ್ಚಿಂತನಾಗಿ ರಾಯರ ಮನೆಗೆ ಹೋದೆ. ಡಾಲರಿನ ಮೇಲಿನ ಹೆಂಗಸಿನ ಮುಖ ಕಂಡು ಅವರ ಮುಖ ಅರಳಿತು. ಅಂಚಿನ ಮೇಲೆ ಬೆರಳಾಡಿದಂತೆ ಬಾಡಿತು.

"ಇದನ್ನು ಯಾರು ಕಡಿದರು ಮೇಷ್ಟ್ರೇ?"

"ಕಡಿದದ್ದಲ್ಲ ಸ್ವಾಮಿ, ಪರೀಕ್ಷೆ. ಮೂರು ಊರಿನಲ್ಲಿ ಪಾಸಾಗಿದೆ."

"ಅಸಲಿ ಅನ್ನೋದು ನೋಡಿದರೇ ಗೊತ್ತಾಗುತ್ತಿತ್ತಲ್ರೀ! ಗಾಯವಾದ ನಾಣ್ಯ ನಾನು ಇಡೋದಿಲ್ಲ. ಇನ್ನು ಇದು ಎರಡೂಕಾಲು ತೊಲ ಬೆಳ್ಳಿ, ಅಷ್ಟೆ."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಅಳಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. "ಅವ್ವ ಬಂದು ಬಟ್ಲು ಎಲ್ಲವ್ವ ಅಂದ್ರೆ ಈ ರೆಕ್ಕೆ ಬಿಚ್ಚಿದ ಅದ್ದು ತೋರುಸ್ಲಾ?" ಎಂದಳು. ಆಮೇಲೆ ಡಾಲರಿನ ಅಂಚಿನ ಕಚ್ಚುಗಳನ್ನು ಒಂದೊಂದಾಗಿ ಎಣಿಸಿ, "ಅಲ್ರೀ, ಮೂರೂರೋರು ಚೆನ್ನಾಗದೆ ಅಂದ್ರೆ ನಂಬ್ನಿಲ್ಲ. ರಾಯರೊಬ್ರು ಕೆಟ್ಟೋಯ್ತು ಅಂದೇಟ್ಗೆ ನಂಬ್ಕಂಡು ಎದ್ ಬಂದ್ಬುಟ್ರಾ? ನಿಮ್ಮಂಥ ದಡ್ಡರ್ನ ನಾನೆಲ್ಲೂ ಕಾಣ್ನಿಲ್ಲ ಕಣ್ರೀ," ಎಂದಳು.

ಈ ಮಾತನ್ನು ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ವಿಚಾರಿಸಬೇಕೆಂದು ನನಗೆ ಅನಿಸಲೇ ಇಲ್ಲ. ನಿಂತಲ್ಲೇ ನಂಬಿದೆ.