ಮರಹೂಮ್ ಮಿರ್ಜಾ ಸಬೂರ್ ಕಾಶಾನಿ ಅವರಿಗೆ, ನಿಂತ ನಿಕಾಹ್ ಕುರಿತು

ಹುಮನಾಬಾದ, ಡಿಸೆಂಬರ್ ೧೯೩೮

ಇಂದ:
ಅಜೀಮುದ್ದೀನ್, ವಾರಪತ್ರಿಕೆಯ ಬಾತ್ಮೀದಾರ, ಕಲ್ಯಾಣಿ. ಸದ್ಯ ಮದುಮಗ.

ಗೆ:
ಮರಹೂಮ್ ಮಿರ್ಜಾ ಸಬೂರ್ ಕಾಶಾನಿ, ಫಾರಸಿ ಕವಿಗಳು.
ವಾಸ: ಗೋರಿ (ಊರು ತಕರಾರಿನಲ್ಲಿದೆ).

ವಿಷಯ: ಒಂದು ದ್ವಿಪದಿಯನ್ನು ತುರ್ತಾಗಿ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: "ನನ್ನನ್ನು ಇಲ್ಲೇ ಹೂಳಿರಿ" ಎಂಬ ತಮ್ಮ ಪದ್ಯಗಳು.

ಮಾನ್ಯರೇ,

ಇಂದು ಬೆಳಿಗ್ಗೆ ಹನ್ನೊಂದಕ್ಕೆ ನನ್ನ ನಿಕಾಹ್ ನಿಂತಿತು. ವಧು, ವರ, ಕಾಜಿ, ಸಾಕ್ಷಿಗಳು ಎಲ್ಲರೂ ಹಾಜರಿದ್ದರು. ಅಡ್ಡ ಬಂದವರು ತಾವು.

೧. ನನ್ನ ತಂದೆ ಅಬ್ದುಲ್ ಕರೀಂ ಕಲ್ಯಾಣಿಯಲ್ಲಿ ಫಾರಸಿ ಕಲಿಸುತ್ತಾರೆ. ವಧು ರಾಬಿಯಾಳ ತಂದೆ ಜಹೀರುದ್ದೀನ್ ಹುಮನಾಬಾದದಲ್ಲಿ ಅದನ್ನೇ ಕಲಿಸುತ್ತಾರೆ. ತಮ್ಮ ಕವಿತೆಗಳನ್ನು ಪೂರ್ತಿ ಓದಿದವರು ಈ ಸೀಮೆಯಲ್ಲಿ ಇವರಿಬ್ಬರೇ. ಈ ಕಾರಣದಿಂದ ಸಂಬಂಧ ಕುದುರಿತು. ಇದೇ ಕಾರಣದಿಂದ ಮುರಿಯುವುದರಲ್ಲಿತ್ತು.

೨. ನಿಕಾಹ್‌ಗೆ ಮುಂಚೆ ವರನ ಕಡೆಯವರು ಸೆಹರಾ ಎಂಬ ಮದುವೆಯ ಹಾಡು ಓದುವುದು ರೂಢಿ. ತಂದೆಯವರು ಸ್ವತಃ ಬರೆದು ಓದಿದರು. ಕೊನೆಯ ಸಾಲಿನಲ್ಲಿ ವರನನ್ನು ಬಿಟ್ಟು, ಕವಿಗಳಾದ ತಮ್ಮನ್ನು ಮಡಿಲಲ್ಲಿ ಮಲಗಿಸಿಕೊಂಡ ಕಲ್ಯಾಣಿಯ ಮಣ್ಣನ್ನು ಹೊಗಳಿದರು. ತಾವು ಮಲಗಿರುವುದು ಹುಮನಾಬಾದದಲ್ಲಿ ಎಂದು ಜಹೀರುದ್ದೀನ್ ಸಾಹೇಬರು ಎದ್ದು ನಿಂತರು.

"ಈ ಸಾಲು ವಾಪಸ್ ತಗೋರಿ. ಇಲ್ಲಾಂದ್ರ ದಿಬ್ಬಣ ವಾಪಸ್ ಒಯ್ರಿ" ಎಂದರು.

"ದಿಬ್ಬಣ ಒಯ್ತೀನ್ರಿ. ಸಾಲು ಬಿಡಂಗಿಲ್ಲ" ಎಂದರು ತಂದೆ.

ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

೩. ಬಾತ್ಮೀದಾರನಾದ್ದರಿಂದ ಸಂಗತಿಗಳನ್ನು ಪರಿಶೀಲಿಸಿದ್ದೇನೆ. ತಾವು ಸುಮಾರು ಮುನ್ನೂರು ವರ್ಷಗಳ ಹಿಂದೆ ಈರಾನಿನಿಂದ ಹಡಗು ಹತ್ತಿ ದಾಭೋಳದಲ್ಲಿ ಇಳಿದಿರಿ. ಬಿಜಾಪುರದ ದರ್ಬಾರಿನಲ್ಲಿ ಜಾಗ ಸಿಗಲಿಲ್ಲ. ಆದ್ದರಿಂದ ಕುದುರೆ ವ್ಯಾಪಾರಿಗಳ ಜೊತೆ ಇತ್ತ ಬಂದಿರಿ. ಕಲ್ಯಾಣಿಯ ಕಿಲ್ಲೇದಾರನನ್ನು ಹೊಗಳಿ "ನನ್ನನ್ನು ಇಲ್ಲೇ ಹೂಳಿರಿ" ಎಂದಿರಿ. ಹುಮನಾಬಾದದ ಜಮೀನ್ದಾರನನ್ನು ಹೊಗಳಿಯೂ ಅದನ್ನೇ ಅಂದಿರಿ. ಎರಡು ಪದ್ಯಗಳೂ ಅಸಲಿ. ತಾವು ಮಾತ್ರ ಒಬ್ಬರೇ.

೪. ಆಗ ವಧುವಿನ ಸೋದರತ್ತೆ ಅಸ್ಗರಿ ಪರದೆಯಾಚೆಯಿಂದ ರಾಬಿಯಾಳ ಮಾತನ್ನು ಇದ್ದಂತೆಯೇ ತಂದರು: "ಅಬ್ಬಾನೇ ಕಲಿಸ್ಯಾರ ನನಗ. ಆ ಶಾಯರ ದೂರದ ಬುರ್ಹಾನಪುರದಾಗೂ ಹಿಂಗ ಅಂದಾನ. ಎಲ್ಲಿ ಪುಲಾವ್ ಸಿಕ್ತೋ ಅಲ್ಲೇ ಗೋರಿ ಕೇಳ್ಯಾನ. ಅಂವ ಸತ್ತಾನ, ಅಂವಗ ಗಡಬಡಿ ಇಲ್ಲ. ನನಗದ."

ಇದನ್ನು ಕೇಳಿ ವರನ ಮನಸ್ಸಿಗೆ ಏನಾಯಿತೆಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

೫. ಜಗಳ ದಿಕ್ಕು ಬದಲಿಸಿತು.

"ಬುರ್ಹಾನಪುರ?" ಎಂದರು ತಂದೆ.

"ಆ ಊರವರ ಧೈರ್ಯ ನೋಡ್ರಿ ಬೀಗರ" ಎಂದರು ಜಹೀರುದ್ದೀನ್ ಸಾಹೇಬರು.

ಇಬ್ಬರೂ ಅಪ್ಪಿಕೊಂಡರು. ಕವಿಗಳೇ, ತಮ್ಮ ಕಾಲದಲ್ಲಿ ಈರಾನಿನ ಗಜಲ್‌ಗೆ ದಖ್ಖನಿನವರು ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಜವಾಬು ಬರೆದು ವ್ಯಾಪಾರಿಗಳ ಕೈಯಲ್ಲಿ ಕಳಿಸುತ್ತಿದ್ದರಷ್ಟೆ. ಆದ್ದರಿಂದ ಬುರ್ಹಾನಪುರಕ್ಕೂ ಈಗಲೇ ಜವಾಬು ಹೋಗಬೇಕು, ಅದು ಮುಗಿಯುವವರೆಗೆ ನಿಕಾಹ್ ಇಲ್ಲ ಎಂದು ತೀರ್ಮಾನಿಸಿದರು. ಬರೆಯಲು ಮದುಮಗನ ಗಾದಿಯೇ ಅನುಕೂಲವೆಂದು ನನ್ನನ್ನು ಎಬ್ಬಿಸಿದರು. ಬೇಕಾದ ಮೂರರಲ್ಲಿ ಎರಡು ದ್ವಿಪದಿಗಳಾದವು. ಒಂದು ಗಂಟೆಯಿಂದ ಮೂರನೆಯದು ಸಿಕ್ಕಿಕೊಂಡಿದೆ. ಕಾರಣ, ಒಳ್ಳೆಯ ಪ್ರಾಸಗಳನ್ನೆಲ್ಲ ತಾವೇ ಬಳಸಿಬಿಟ್ಟಿದ್ದೀರಿ. ಕಾಜಿ ಶಂಶುದ್ದೀನ್ ಸಾಹೇಬರಿಗೆ ಹುಡಗಿ ಗ್ರಾಮದಲ್ಲಿ ಇನ್ನೊಂದು ನಿಕಾಹ್ ಇದೆ. ನಾಲ್ಕಕ್ಕೆ ಟಾಂಗಾ ಹೊರಡುತ್ತದೆ.

೬. ಆದ್ದರಿಂದ ನಾಲ್ಕರೊಳಗೆ ಒಂದು ದ್ವಿಪದಿ ದಯಪಾಲಿಸಬೇಕು. ಫಾರಸಿ ತೊಂದರೆಯಾದರೆ ಅರಬಿಯೂ ನಡೆಯುತ್ತದೆ. ಅರ್ಥ ಇರಲೇಬೇಕೆಂಬ ಒತ್ತಾಯವಿಲ್ಲ. ತಾವು ನಿಜಕ್ಕೂ ಬುರ್ಹಾನಪುರದಲ್ಲೇ ಇದ್ದರೆ ಅದನ್ನು ಉತ್ತರದಲ್ಲಿ ಕಾಣಿಸಬಾರದೆಂದು ವಿನಂತಿ.

ಮುಖಕ್ಕೆ ಇಳಿಬಿಟ್ಟ ಹೂಮಾಲೆಗಳ ಹಿಂದಿನಿಂದ,
ತಮ್ಮ ವಿಶ್ವಾಸಿ,
ಅಜೀಮುದ್ದೀನ್

ಲಗತ್ತು:
ಮುಗಿದ ದ್ವಿಪದಿಗಳ ನಕಲು, ಎರಡು.
ಪುಲಾವ್, ಒಂದು ತಟ್ಟೆ (ಆರಿದೆ).

ಷರಾ: ಉತ್ತರ ಬರಲಿಲ್ಲ. ಮೂರೂವರೆಗೆ ಕಾಜಿ ಸಾಹೇಬರು ಸ್ವತಃ ಮೂರನೆಯ ದ್ವಿಪದಿ ಹೇಳಿ, ಯಾರೂ ವಾಹ್ ಎನ್ನುವ ಮೊದಲೇ ನಿಕಾಹ್ ಓದಿಸಿದರು.