ಓಣಿ ದಾಟಿದ ಲಕೋಟೆ

ಹುಮನಾಬಾದಿನ ನಮ್ಮ ಓಣಿಗೆ ಸ್ವಂತ ನೋಟು ಇದೆ. ಅದನ್ನು ಅಚ್ಚು ಹಾಕಿದವನು ನಾನೇ. ಪೊಲೀಸರಿಗೆ ಫೋನ್ ಮಾಡುವ ಮೊದಲು ದಯವಿಟ್ಟು ಪೂರ್ತಿ ಕೇಳಿ.

ಹೆದ್ದಾರಿಯ ಪಕ್ಕ ಒಂದು ದೊಡ್ಡ ಅಂಗಡಿ ಬಂತು. ಒಳಗೆ ತಂಪು ಗಾಳಿ, ತಳ್ಳುವ ಗಾಡಿ, ಬಾಗಿಲಲ್ಲಿ ಸಲಾಮು. ನಮ್ಮ ಓಣಿಯ ಜನ ಕಾಲು ಕಿಲೋ ತೊಗರಿಬೇಳೆ ತರಲು ಇಸ್ತ್ರಿ ಶರ್ಟು ಹಾಕಿಕೊಂಡು ಅಲ್ಲಿಗೆ ಹೋಗತೊಡಗಿದರು. ಓಣಿಯ ಹದಿನಾಲ್ಕು ಅಂಗಡಿಯವರು ನೊಣ ಹೊಡೆಯುತ್ತ ಕುಳಿತೆವು. ಕೊನೆಗೆ ಸಭೆ ಸೇರಿ ಒಂದು ಉಪಾಯ ಹೂಡಿದೆವು. ನನ್ನ ಅಂಗಡಿಯಲ್ಲಿ ರೂಪಾಯಿ ಕೊಟ್ಟು ಅಷ್ಟೇ ಬೆಲೆಯ 'ಓಣಿ ಚೀಟಿ' ತೆಗೆದುಕೊಳ್ಳುವುದು. ಆ ಚೀಟಿ ಈ ಹದಿನಾಲ್ಕು ಅಂಗಡಿಗಳಲ್ಲಿ ಮಾತ್ರ ನಡೆಯುವುದು. ಚೀಟಿ ತಂದವರಿಗೆ ಅಂಗಡಿಯವರು ಏನಾದರೂ ಹೆಚ್ಚಿಗೆ ಕೊಡುವುದು. ಜೋಳದ ರೊಟ್ಟಿ ಮಾಡಿ ಮಾರುವ ಮಲ್ಲಮ್ಮ ಒಂದು ಮುಷ್ಟಿ ಶೇಂಗಾ ಚಟ್ನಿ ಕೊಡುತ್ತಾಳೆ. ಗಿರಣಿಯವನು ಏನೂ ಕೊಡುವುದಿಲ್ಲ, ಆದರೆ ಅವತ್ತು ಬಯ್ಯುವುದಿಲ್ಲ.

ನಾನು ಲಗ್ನಪತ್ರಿಕೆ ಅಚ್ಚು ಹಾಕುವವನು. ಆದ್ದರಿಂದ ಚೀಟಿ ಮುದ್ರಿಸುವ ಕೆಲಸವೂ ಅದರ ಅಧ್ಯಕ್ಷಗಿರಿಯೂ ನನ್ನ ಹೆಗಲಿಗೇ ಬಿದ್ದವು. ಚೀಟಿಯ ಮೇಲಿನ ಒಕ್ಕಣೆ ಮೂರು ದಿನ ಊಟ ಬಿಟ್ಟು ನಾನೇ ಬರೆದದ್ದು: 'ಈ ಚೀಟಿ ಓಣಿಯೊಳಗೆ ಮಾತ್ರ ನಡೆಯುತ್ತದೆ. ಓಣಿ ದಾಟಿದರೆ ಬರೀ ಕಾಗದ.' ಕೆಳಗೆ ನನ್ನ ರುಜು. ರುಜು ಸ್ವಲ್ಪ ದೊಡ್ಡದೇ ಆಯಿತು.

ಮತ್ತು ನಡೆಯಿತು! ಬೆಳಿಗ್ಗೆ ನಾನು ಚಹಾದವನಿಗೆ ಕೊಟ್ಟ ಹತ್ತರ ಚೀಟಿ ಮಲ್ಲಮ್ಮನಿಗೆ ಹೋಗಿ, ಗಿರಣಿ ಸುತ್ತಿ, ಬಳೆ ಅಂಗಡಿ ಹೊಕ್ಕು ಸಂಜೆ ಹಿಟ್ಟು ಮೆತ್ತಿಕೊಂಡು ನನ್ನ ಗಲ್ಲಾಪೆಟ್ಟಿಗೆಗೇ ಬಂತು. ಅದನ್ನು ನಾನು ಹೆಂಡತಿ ಸುವರ್ಣಾಗೆ ಹೆಮ್ಮೆಯಿಂದ ತೋರಿಸಿದೆ.

"ಅದಕ್ಕ ಮನಿ ದಾರಿ ಗೊತ್ತದ. ನಿಮಗೂ ಜರಾ ಕಲಿಸಿದ್ರ ಛೊಲೋ ಆಗ್ತದ," ಎಂದಳು.

ಇಷ್ಟರಲ್ಲಿ ಬಸವಕಲ್ಯಾಣದಿಂದ ಸುವರ್ಣಾಳ ಅಕ್ಕ ಕಸ್ತೂರಕ್ಕನ ಕಿರಿಮಗಳ ಮದುವೆಯ ಕರೆ ಬಂತು. ಇಲ್ಲೊಂದು ಹಳೆಯ ಗಾಯ ಹೇಳಬೇಕು. ಹಿರಿಮಗಳ ಮದುವೆಯಲ್ಲಿ ನಾನು ಆಯೇರ ಅಂತ ಒಂದು ಗೋಡೆ ಗಡಿಯಾರ ಕೊಟ್ಟಿದ್ದೆ. ನಮ್ಮ ಕಡೆ ಆಯೇರವನ್ನು ಮೈಕಿನಲ್ಲಿ ಕೂಗುತ್ತಾರೆ. 'ಸುವರ್ಣಾ, ಹುಮನಾಬಾದ, ಗೋಡೆ ಗಡಿಯಾರ ಒಂದು' ಎಂದು ಕೂಗಿ ಮುಗಿಯುವುದರೊಳಗೆ ಆ ಗಡಿಯಾರ ಮಂಟಪದಲ್ಲೇ ನಿಂತುಹೋಯಿತು. ಅಂದಿನಿಂದ ಕಸ್ತೂರಕ್ಕ ಫೋನು ಎತ್ತಿದರೆ ಮೊದಲ ಮಾತು, "ಸುವ್ವಿ, ಎಷ್ಟ ಗಂಟಿ ಆತs?"

ಆದ್ದರಿಂದ ಈ ಸಲ ಸುವರ್ಣಾ ಓಣಿಯ ಹೆಂಗಸರ ಸೀರೆಗೆ ಫಾಲ್ ಹಚ್ಚಿ, ಜಂಪರ್ ಹೊಲಿದು, ತಾನೇ ಕೂಡಿಸಿದ ಐದು ಸಾವಿರವನ್ನು ನನ್ನ ಕೈಗಿಟ್ಟಳು. ಐನೂರರ ಹತ್ತು ನೋಟು.

"ಇದು ನನ್ನ ಬೆನ್ನೆಲುಬಿನ ರೊಕ್ಕ ಅದ. ಲಕೋಟಿಗೆ ಹಾಕಿ ಬರಾಬ್ಬರ್ ಗೋಂದು ಹಚ್ಚರಿ. ಮೈಕಿನ್ಯಾಗ ನಿಮ್ಮ ಹೆಸರಿಗಿಂತ ನನ್ನ ಹೆಸರು ಮೊದಲ ಬರಬೇಕು. ಈ ಸಲ ಇಜ್ಜತ್ ಹೋತು ಅಂದ್ರ ನಾ ಕಲ್ಯಾಣದಾಗs ಉಳೀತೀನಿ, ನೀವು ನಿಮ್ಮ ಚೀಟಿ ಜೋಡಿ ಸಂಸಾರ ಮಾಡ್ರಿ."

"ಒಂದು ಲಕೋಟಿ ಕೊಡಾಕ ಇಷ್ಟ ಭಾಷಣ ಯಾಕ?" ಎಂದೆ ನಾನು. ಎಂಥ ನಿರಾಳ ಧ್ವನಿ! ಈಗ ನೆನೆದರೆ ಮೈ ಉರಿಯುತ್ತದೆ.

ಅಂಗಡಿಯಲ್ಲಿ 'ಶುಭ ವಿವಾಹ' ಎಂದು ಅಚ್ಚಾದ, ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆಗಳು ಉಳಿದಿದ್ದವು. ಒಂದಕ್ಕೆ ಹತ್ತು ನೋಟು ಹಾಕಿದೆ. ಅಕ್ಕನ ಮನೆಗೆ ಒಯ್ಯಲು ಮಲ್ಲಮ್ಮನಿಗೆ ಐವತ್ತು ಕಡಕ್ ರೊಟ್ಟಿ ಹೇಳಿದ್ದೆವು. ಅದಕ್ಕಾಗಿ ಐವತ್ತರ ಹತ್ತು ಚೀಟಿಗಳನ್ನು ಇನ್ನೊಂದು ಲಕೋಟೆಗೆ ಹಾಕಿದೆ. ಅದೂ ಶುಭ ವಿವಾಹವೇ. ಬೇರೆ ಲಕೋಟೆ ಯಾಕೆ ಹಾಳು ಮಾಡಬೇಕು? ಎರಡಕ್ಕೂ ಗೋಂದು ಹಚ್ಚಿ ಜುಬ್ಬಾದ ಒಂದೇ ಜೇಬಿಗೆ ಸೇರಿಸಿದೆ. ಮುಂದಿನದು ಚೀಟಿ, ಹಿಂದಿನದು ರೊಕ್ಕ. ಎಲ್ಲ ನನ್ನ ತಲೆಯಲ್ಲಿತ್ತು.

ಮಲ್ಲಮ್ಮನ ಮನೆಯ ತಿರುವಿನಲ್ಲಿ ಬೆವರು ಒರೆಸಲು ಕರವಸ್ತ್ರ ಎಳೆದೆ. ಲಕೋಟೆಗಳೆರಡೂ ಕೆಳಗೆ ಬಿದ್ದವು. ಎತ್ತಿ, ಧೂಳು ಕೊಡವಿ, ಮತ್ತೆ ಜೇಬಿಗೆ ಹಾಕಿದೆ. ವಾಚಕ ಮಹಾಶಯರು ಗಮನಿಸಬೇಕು, ಇತಿಹಾಸ ತಿರುಗಿದ್ದು ಇಲ್ಲಿಯೇ.

ಮಲ್ಲಮ್ಮನಿಗೆ ಮುಂದಿನ ಲಕೋಟೆ ಕೊಟ್ಟು, ರೊಟ್ಟಿಯ ಗಂಟು ಹೊತ್ತು, ಹೆಂಡತಿಯೊಂದಿಗೆ ಬಸ್ಸು ಹತ್ತಿದೆ. ಆ ಐವತ್ತು ರೊಟ್ಟಿ ಕಲ್ಯಾಣ ಮುಟ್ಟುವುದರೊಳಗೆ ಬಸ್ಸಿನ ಕುಲುಕಾಟಕ್ಕೆ ನೂರೈವತ್ತಾಗಿದ್ದವು.

ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಲಕೋಟೆಯ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ: 'ಶ್ರೀಮತಿ ಸುವರ್ಣಾ ಮತ್ತು ಶ್ರೀ ಗುರುನಾಥ, ಹುಮನಾಬಾದ.' ವೇದಿಕೆಯ ಮೇಲಿದ್ದ ಸ್ಟೀಲ್ ಬುಟ್ಟಿಗೆ ಹಾಕಿ ಬಂದು ಕುಳಿತೆ. ಅಕ್ಕಿಕಾಳು ಬಿದ್ದವು. ಮದುವೆ ಆಯಿತು. ಶಾಲೆಯಿಂದ ನಿವೃತ್ತರಾದ ಈರಣ್ಣ ಮಾಸ್ತರರು ಮೈಕು ಹಿಡಿದು ಆಯೇರ ಕೂಗಲು ನಿಂತರು. ಸುವರ್ಣಾ ಮೊದಲ ಸಾಲಿನಲ್ಲಿ ಅಕ್ಕನ ಪಕ್ಕದಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು.

"ಕೊಡಂಬಲದ ಮಾವನವರಿಂದ ಎರಡು ಸಾವಿರದ ಒಂದು!"

ಆಗ ನನ್ನ ಫೋನು ನಡುಗಿತು. ಮಲ್ಲಮ್ಮ.

"ಅಣ್ಣಾ, ನೀವು ಕೊಟ್ಟ ಲಕೋಟಿ ಈಗ ಒಡದೀನಿ... ಒಳಗ ಐದನೂರಿನ ಹತ್ತು ನೋಟು..." ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನು ಬಾಯಿ ತೆರೆಯುವುದರೊಳಗೆ ಬ್ಯಾಟರಿ ಮುಗಿದು ಫೋನು ಸತ್ತಿತು.

ಲಕೋಟೆ ಅದಲುಬದಲಾಗಿತ್ತು. ಪಾಪ, ಇಷ್ಟು ರೊಕ್ಕ ನೋಡಿ ಹೆದರಿದ್ದಾಳೆ. ಪ್ರಾಮಾಣಿಕ ಹೆಂಗಸು, ಅಲ್ಲಿಯ ರೊಕ್ಕ ಎಲ್ಲಿಯೂ ಹೋಗುವುದಿಲ್ಲ. ಆದರೆ ಈ ಬುಟ್ಟಿಯಲ್ಲಿ, ನನ್ನದೇ ಮುತ್ತಿನ ಅಕ್ಷರದ ಕೆಳಗೆ, ಹತ್ತು ಓಣಿ ಚೀಟಿಗಳು!

"ದುಬಲಗುಂಡಿ ಬೀಗರಿಂದ ಸಾವಿರದ ಒಂದು!"

ಬುಟ್ಟಿಯಲ್ಲಿ ಇನ್ನು ಹದಿನೈದೋ ಇಪ್ಪತ್ತೋ ಲಕೋಟೆ. ಸುವರ್ಣಾ ಅಕ್ಕನ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಏನು ಹೇಳಿರಬಹುದು ಎಂದು ನನಗೆ ಗೊತ್ತಿತ್ತು. ನನ್ನ ಕಾಲುಗಳು ತಾವೇ ಎದ್ದು ವೇದಿಕೆಯ ಕಡೆ ನಡೆದವು.

ಮೊದಲ ದಾಳಿಯಲ್ಲಿ ಒಂದು ಹಿಡಿ ಅಕ್ಕಿಕಾಳು ಹಿಡಿದು ಆಶೀರ್ವಾದದ ನೆಪದಲ್ಲಿ ಹತ್ತಿದೆ. ಫೋಟೋದವನು ನನ್ನನ್ನು ಹಿಡಿದು ವಧೂವರರ ನಡುವೆ ನಿಲ್ಲಿಸಿ, "ನಗ್ರಿ ಕಾಕಾ, ನಗ್ರಿ," ಎಂದು ಆರು ಫೋಟೋ ಹೊಡೆದ. ಅಷ್ಟರಲ್ಲಿ ಆರು ಲಕೋಟೆ ಮುಗಿದವು.

ಎರಡನೆಯ ದಾಳಿ ಮಾಸ್ತರರ ಮೇಲೆ. "ನಿಮಗ ದಣಿವಾಗಿರಬೇಕು. ನಾ ಜರಾ ಕೂಗ್ತೀನಿ, ನೀವು ಉಣ್ಣಾಕ ನಡೀರಿ."

"ಮೂವತ್ತು ವರ್ಷ ಪ್ರಾರ್ಥನಿ ಹೇಳಿಸಿದ ಗಂಟಲ ಅದ್ರಿ ಇದು!" ಎಂದು ಅವರು ಮೈಕಿನಲ್ಲೇ ಘೋಷಿಸಿದರು. ಯಮ ಬಂದರೂ ಅವರು ಮೈಕು ಬಿಡುವವರಲ್ಲ.

ಈಗ ನನ್ನ ಲಕೋಟೆ ಕಾಣುತ್ತಿತ್ತು. ಮೇಲಿನಿಂದ ಮೂರನೆಯದು. ಮಾಸ್ತರರು ಒಂದು ತೆಗೆದರು. ಎರಡನೆಯದು. ನಾನು ದೇವರನ್ನು ನೆನೆದು ಬುಟ್ಟಿಗೆ ಕೈ ಹಾಕಿದೆ.

ಮಾಸ್ತರರು ಗಪ್ಪನೆ ನನ್ನ ಮಣಿಕಟ್ಟು ಹಿಡಿದರು. ಮೈಕು ಚಾಲೂ ಇತ್ತು. "ಯಾಕ್ರಿ ಗುರುನಾಥರೇ, ಆಯೇರದ ಬುಟ್ಟಿಗ್ಯಾಕ ಕೈ ಹಾಕಾಕತ್ತೀರಿ?"

ಇಡೀ ಸಭಾಂಗಣ ತಿರುಗಿ ನೋಡಿತು. ಊಟದ ಸಾಲಿನವರೂ ತುತ್ತು ಹಿಡಿದು ನಿಂತರು. ಬುದ್ಧಿವಂತನಾದವನು ತಲೆ ತಿರುಗಿದಂತೆ ಬೀಳುತ್ತಿದ್ದ. ನಾನು ಮಾತಾಡಿದೆ.

"ಏನಿಲ್ರಿ... ನಮ್ಮ ಲಕೋಟಿಗಿ ಇನ್ನಷ್ಟು ಹಾಕಬೇಕಂತ..."

"ಕೇಳಿದ್ರೇನ್ರಿ!" ಮಾಸ್ತರರ ಧ್ವನಿ ಕಲ್ಯಾಣದ ಕೋಟೆಗೂ ಕೇಳಿಸಿರಬೇಕು. "ಹುಮನಾಬಾದದ ಚಿಕ್ಕಪ್ಪಗ ಕೊಟ್ಟದ್ದು ಕಮ್ಮಿ ಅನಸ್ತಂತ! ಇನ್ನೂ ಹಾಕ್ತಾರಂತ! ಚಪ್ಪಾಳಿ ಬರ್ಲಿ!"

ಬಂತು. ಚಪ್ಪಾಳೆ ಮಳೆಯಂತೆ ಬಂತು. ಸುವರ್ಣಾ ಎದ್ದು ನಿಂತಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ. ಬಸ್ ಟಿಕೆಟ್ಟು ಮತ್ತು ಎಪ್ಪತ್ತು ರೂಪಾಯಿ ಸಿಕ್ಕವು.

"ಮೊದಲು ಎಷ್ಟ ಅದ ನೋಡೋಣು," ಎಂದು ಮಾಸ್ತರರು ಲಕೋಟೆ ಹರಿದರು. ಹೊರಬಂದದ್ದನ್ನು ಹಿಂದೆ ಮುಂದೆ ತಿರುಗಿಸಿದರು. ಕನ್ನಡಕ ಏರಿಸಿ, ಪ್ರಾರ್ಥನೆಯ ಗಂಟಲಿನಲ್ಲಿ ಓದಿದರು:

"ಈ ಚೀಟಿ ಓಣಿಯೊಳಗೆ ಮಾತ್ರ ನಡೆಯುತ್ತದೆ. ಓಣಿ ದಾಟಿದರೆ ಬರೀ ಕಾಗದ. ಗುರುನಾಥ, ಅಧ್ಯಕ್ಷರು."

ಹಿಂದಿನ ಸಾಲಿನಿಂದ ಯಾರೋ, "ಏ, ಮನ್ಯಾಗs ನೋಟ್ ಹೊಡದ ತಂದಾರಲೇ!" ಎಂದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕಸ್ತೂರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗದೆ ಇದ್ದವರು ಇಬ್ಬರೇ, ನಾನು ಮತ್ತು ಸುವರ್ಣಾ. ಅವಳ ಮುಖ ನೋಡಿ ನನಗೆ ನಿಜವಾಗಿಯೂ ಅಳು ಬಂತು. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದವಳು ಅವಳು.

ಸುವರ್ಣಾ ವೇದಿಕೆ ಹತ್ತಿದಳು. ನನ್ನ ಬಲಗೈ ಹಿಡಿದು, ನಮ್ಮ ಮದುವೆಯಲ್ಲಿ ಅವಳ ಅಪ್ಪ ನನಗೆ ತೊಡಿಸಿದ್ದ ಬಂಗಾರದ ಉಂಗುರ ಎಳೆದಳು. ಅದು ಬರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಉಂಗುರ ಹಾಗೇ ಇತ್ತು, ಬೆರಳು ಬೆಳೆದಿತ್ತು.

"ತುಪ್ಪ ತರ್ರಿ," ಎಂದಳು. ಹುಗ್ಗಿಗೆ ಬಡಿಸುವ ತುಪ್ಪದ ಬಟ್ಟಲು ಬಂತು.

"ಬೆರಳ ಗಣ್ಣಿನ ತನಕ ಬಂತ್ರಿ... ಸಿಕ್ಕೊಂಡದ... ಇನ್ನೊಂದು ಚಮಚ ಹಾಕ್ರಿ..." ಮಾಸ್ತರರು ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದರು. "ಬಂತು! ಬಂತ್ರಿ! ಶ್ರೀಮತಿ ಸುವರ್ಣಾ, ಹುಮನಾಬಾದ, ಬಂಗಾರದ ಉಂಗುರ ಒಂದು!"

ಚಪ್ಪಾಳೆ ಮತ್ತೆ ಬಂತು, ಈ ಸಲ ಸರಿಯಾದ ವಿಳಾಸಕ್ಕೆ. ಕಸ್ತೂರಕ್ಕ ಉಂಗುರ ನೋಡಿ, "ಇದು ಅಪ್ಪಂದಲ್ಲೇನ ಸುವ್ವಿ?" ಎಂದು ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಸುವರ್ಣಾಳ ಇಜ್ಜತ್ ಉಳಿಯಿತು. ನನ್ನದು ತುಪ್ಪ ಸುರಿಸುತ್ತ ನಿಂತಿತ್ತು.

ವಾಪಸು ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಊರು ಹತ್ತಿರ ಬಂದಾಗ ನಾನೇ ಧೈರ್ಯ ಮಾಡಿದೆ. "ರೊಕ್ಕ ಎಲ್ಲೂ ಹೋಗಿಲ್ಲ. ಮಲ್ಲಮ್ಮನ ಹಂತ್ಯಾಕ ಭದ್ರ ಅದ. ಈಗs ಇಸ್ಕೊಂಡು ಬರೋಣು."

ಮಲ್ಲಮ್ಮನ ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ನನ್ನನ್ನು ಕಂಡದ್ದೇ ಅವಳು ಓಡಿ ಬಂದು ಕಾಲು ಮುಟ್ಟಿದಳು.

"ಅಣ್ಣಾ, ನನ್ನ ಮಗಳು ಭಾಗಿದು ಲಗ್ನ ನಿನ್ನೆ ಗೊತ್ತಾಗ್ಯದ. ಇನ್ನೂ ಯಾರ ಮುಂದೂ ಹೇಳಿದ್ದಿಲ್ಲ. ನಿಮಗ ಹ್ಯಾಂಗ ತಿಳೀತ್ರಿ? ಶುಭ ವಿವಾಹ ಅಂತ ಬರದ ಲಕೋಟಿ, ಐದು ಸಾವಿರದ ಒಂದು! ನನ್ನ ಸ್ವಂತ ಅಣ್ಣನೂ ಇಷ್ಟ ಮಾಡಿಲ್ರಿ. ಫೋನಿನ್ಯಾಗ ಮಾತs ಬರಲಿಲ್ಲ, ಬರೇ ಅತ್ತುಬಿಟ್ಟೆ."

ಅವಳು ಮುಂದುವರಿಸಿದಳು. "ಹೆದ್ದಾರಿ ಅಂಗಡಿ ಕಡೆ ಹೊಳ್ಳಿ ಸೈತ ನೋಡಿಲ್ರಿ. ಓಣಿ ರೊಕ್ಕ ಓಣ್ಯಾಗs ತಿರಗಬೇಕಂತ ನೀವs ಸಭಾದಾಗ ಹೇಳಿದ್ರಲ್ಲ. ಸೀರಿ ಇಲ್ಲೇ ತೊಗೊಂಡೆ, ಬಳಿ ಇಲ್ಲೇ, ಹಿಟ್ಟಿನ ಬಾಕಿ ಗಿರಣಿಗಿ ಕೊಟ್ಟೆ."

ಸೀರೆ ಅಂಗಡಿಯವರು ನನಗೆ ಕೈ ಮುಗಿದರು. ಗಿರಣಿಯವನು ಜೀವಮಾನದಲ್ಲಿ ಮೊದಲ ಸಲ ನಕ್ಕ. ನಾನು ಹೆಂಡತಿಯ ಕಡೆ ತಿರುಗಿ ನೋಡಲಾರದೆ ಚಪ್ಪಲಿ ನೋಡಿದೆ. ಈಗ ಅವಳು ಒಂದು ಮಾತು ಆಡಿದರೆ ಸಾಕು, ಓಣಿಯ ಅಧ್ಯಕ್ಷನ ಕತೆ ಮುಗಿಯಿತು.

"ನಮ್ಮ ಮನ್ಯಾವ್ರು ಹಂಗs ಮಲ್ಲಮ್ಮ," ಎಂದಳು ಸುವರ್ಣಾ ನಿಧಾನವಾಗಿ. "ಕೊಡೂದು ಅವರಿಗೂ ತಿಳ್ಯಾಂಗಿಲ್ಲ."

ಮಲ್ಲಮ್ಮ ಸೊಂಟದ ಚೀಲದಿಂದ ಐನೂರರ ಎರಡು ನೋಟು ತೆಗೆದು ಸುವರ್ಣಾಳ ಕೈಗಿಟ್ಟಳು. "ಅಕ್ಕಾ, ಭಾಗಿಗಿ ಆರು ಜಂಪರ್ ನೀವs ಹೊಲೀಬೇಕು. ಇದು ಮುಂಗಡ." ನಂತರ ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, "ಅಣ್ಣಾ, ಆ ಐವತ್ತು ರೊಟ್ಟಿದು ಮಾತ್ರ ಕೊಡೂದು ಮರ್ತೀರಿ," ಎಂದಳು.

ಸುವರ್ಣಾ ತನ್ನವೇ ಆದ ಎರಡು ನೋಟುಗಳನ್ನು ನೋಡಿದಳು. ಒಂದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ರೊಟ್ಟಿಯ ಲೆಕ್ಕಕ್ಕೆ ವಾಪಸು ಕೊಟ್ಟಳು.

ಈಗ ಓಣಿಯಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಮೊದಲ ಸುದ್ದಿ ನನಗೇ ಬರುತ್ತದೆ! ಹೇಳಿದವರು ಸ್ವಲ್ಪ ಹೊತ್ತು ನಿಂತು ನನ್ನ ಜೇಬನ್ನೂ ನೋಡುತ್ತಾರೆ. ಕಳೆದ ವಾರ ಕಲ್ಯಾಣದಿಂದ ಮತ್ತೊಂದು ಕರೆಯೋಲೆ ಬಂತು. ನಾನು ಜುಬ್ಬಾ ತೊಟ್ಟು ತಯಾರಾಗಿ ನಿಂತೆ. ಸುವರ್ಣಾ ಒಬ್ಬಳೇ ಚಪ್ಪಲಿ ಮೆಟ್ಟಿದಳು.

"ಯಾಕ, ನಾ ಬರೂದು ಬ್ಯಾಡೇನ?"

"ಬ್ಯಾಡ್ರಿ," ಎಂದಳು. "ನೀವು ಓಣಿಯೊಳಗ ಅಷ್ಟs ನಡೀತೀರಿ."