ಆಯಿಲ್ ಕೂಲರಿಗೊಂದು ಗವಸು

ಮೋಟಾರ್ ಸೈಕಲ್ಲಿನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದ ಮನುಷ್ಯ ನಮ್ಮ ಚನ್ನಗಿರಿ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಅವನು ನನ್ನ ಚಿಕ್ಕಪ್ಪ. ಮೋಟಾರ್ ಸೈಕಲ್ಲಿಗೆ ಹಣೆ ಎಲ್ಲಿರುತ್ತದೆ ಎಂದು ಕೇಳಬೇಡಿ. ಚಿಕ್ಕಪ್ಪನ ಲೆಕ್ಕದಲ್ಲಿ ಪೆಟ್ರೋಲ್ ಟ್ಯಾಂಕಿನ ಮುಂಭಾಗ ಹಣೆ, ಕೆಳಗಿನ ಇಂಜಿನ್ನು ಹೊಟ್ಟೆ. ಕೈ ಹಿಂದುಮುಂದು ಮಾಡಿ ಮುಟ್ಟಿ ನೋಡಿ, "ಇನ್ನೂ ಸುಡ್ತೈತೆ, ಸ್ವಲ್ಪ ಮಲಗ್ಲಿ" ಎನ್ನುತ್ತಿದ್ದ. ಗಾಡಿಯನ್ನು ಮರದ ನೆರಳಿಗೆ ತಳ್ಳಿ ಟವೆಲ್ಲಿನಿಂದ ಅದಕ್ಕೆ ಗಾಳಿ ಹಾಕುತ್ತಿದ್ದ. ಬೆನ್ನ ಹಿಂದೆ ಕೂತು ಬಂದ ಹೆಂಡತಿಗೆ ಬೇಕಾದರೆ ಅದೇ ಗಾಳಿಯಲ್ಲಿ ಪಾಲು!

ಈ ಆರೈಕೆಗೆ ಕಾರಣವಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಚಿಕ್ಕಪ್ಪನದು ಚನ್ನಗಿರಿಯಲ್ಲಿ ಬಟ್ಟೆ ಅಂಗಡಿ, ಚಿಕ್ಕಮ್ಮ ಜಗಳೂರಿನ ಶಾಲೆಯಲ್ಲಿ ಮೇಡಂ. ಬಸ್ಸಿನ ವಾಸನೆಗೇ ಆಕೆಗೆ ಹೊಟ್ಟೆ ತೊಳೆಸುತ್ತಿತ್ತು. ಹಾಗಾಗಿ ಶನಿವಾರ ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಚಿಕ್ಕಪ್ಪ ಹೋಗಿ ಕರೆತರಬೇಕು, ಸೋಮವಾರ ನಸುಕಿನಲ್ಲಿ ಬಿಟ್ಟು ಬರಬೇಕು. ನಸುಕಿನ ತಂಪಿನಲ್ಲಿ ಗಾಡಿ ಸುಮ್ಮನೆ ಓಡುತ್ತಿತ್ತು. ಶನಿವಾರದ ಬಿಸಿಲಿಗೆ ಮಾತ್ರ ದಾರಿಯಲ್ಲಿ ಎರಡು ಕಡೆ ಕಾಲು ಚಾಚುತ್ತಿತ್ತು. ಗಂಡಹೆಂಡತಿಗೆ ವಾರಕ್ಕೆ ಸಿಗುವುದೇ ಒಂದೂವರೆ ದಿನ. ಅದರಲ್ಲೂ ಗಾಡಿ ಪಾಲು ಕೇಳಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಅಂಗಡಿಗೆ ಬಂದವರೆಲ್ಲ ಸಲಹೆ ಕೊಟ್ಟರು. ಪಂಚೆ ಕೊಳ್ಳಲು ಬಂದವರು ಪಂಚೆ ಮರೆತು ಇಂಜಿನ್ನಿನ ಬಗ್ಗೆ ಭಾಷಣ ಮಾಡಿ ಹೋದರು. ಒಬ್ಬರು, "ಮುದಿ ಗಾಡಿ, ಮಾರಿಬಿಡ್ರಿ" ಎಂದರು.

"ನಿಮ್ಮನ್ಯಾಗೆ ಯಾರಿಗಾದ್ರೂ ಜ್ವರ ಬಂದ್ರೆ ಮಾರ್ತೀರೇನ್ರಿ?" ಎಂದು ಚಿಕ್ಕಪ್ಪ ಕೇಳಿದ. ಅವರು ಪಂಚೆ ಕೊಳ್ಳದೆ ಎದ್ದು ಹೋದರು.

ಕೊನೆಗೆ ಒಬ್ಬ ಲಾರಿ ಡ್ರೈವರ್ ಆಯಿಲ್ ಕೂಲರಿನ ವಿಷಯ ಹೇಳಿದ. ಇಂಜಿನ್ನಿನ ಬಿಸಿ ಆಯಿಲ್ಲು ಒಂದು ಕೊಳವೆಯಲ್ಲಿ ಹೊರಗೆ ಬಂದು, ತಗಡಿನ ಪದರಗಳಿರುವ ಪುಟ್ಟ ಪೆಟ್ಟಿಗೆಯಲ್ಲಿ ಗಾಳಿಗೆ ಆರಿ, ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುತ್ತದೆ, ಅಷ್ಟೇ. ಚಿಕ್ಕಪ್ಪ ಅಂಗಡಿ ಬಾಗಿಲು ಹಾಕಿ ಊರೂರು ಹುಡುಕಿದ. ಹೊನ್ನಾಳಿಯ ಗುಜರಿಯಲ್ಲಿ ಯಾವುದೋ ಫಾರಿನ್ ಕಾರಿನದು ಸಿಕ್ಕಿತು. ಅದನ್ನು ಹೆಣ್ಣು ನೋಡಿದ ಹಾಗೆ ಬೆಳಕಿಗೆ ಹಿಡಿದು ನೋಡಿ, ಒಪ್ಪಿ, ನ್ಯಾಮತಿಯ ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ರಾಹುಕಾಲ ಕಳೆಯುವ ತನಕ ಸ್ಪ್ಯಾನರ್ ಮುಟ್ಟಗೊಡಲಿಲ್ಲವಂತೆ. ಇಂಜಿನ್ನಿನ ಮುಂದೆ, ನೇರವಾಗಿ ಗಾಳಿ ಬಡಿಯುವಲ್ಲಿ ಪೆಟ್ಟಿಗೆ ಕೂತಿತು. ನಿಂಬೆಹಣ್ಣು ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಚಿಕ್ಕಪ್ಪನಿಗೆ ಇನ್ನೊಂದು ಕಾಯಿಲೆಯಿತ್ತು, ಗವಸಿನ ಕಾಯಿಲೆ. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ, ಜಗಲಿಯಲ್ಲೇ ಕೂರುವ ಟೈಲರ್, ಇನ್ನೇನು ಬೇಕು? ರೇಡಿಯೋಗೆ ಗವಸು, ಗಡಿಯಾರಕ್ಕೆ ಗವಸು, ಟಾರ್ಚಿಗೆ ಗವಸು, ಇಸ್ತ್ರಿ ಪೆಟ್ಟಿಗೆಗೂ ಗವಸು! ಆ ಮನೆಯಲ್ಲಿ ಗವಸಿಲ್ಲದೆ ತಿರುಗಾಡುತ್ತಿದ್ದವರು ಮನುಷ್ಯರು ಮಾತ್ರ. ಅಂಥವನು ಫಾರಿನ್ ಸಾಮಾನನ್ನು ಧೂಳಿಗೆ ಬಿಡುತ್ತಾನೆಯೆ? ದಪ್ಪ ಖಾಕಿ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ, ಹಿಂದೆ ಕಟ್ಟಲು ಲಾಡಿ. ಕೂಲರ್ ಶಾಲೆಗೆ ಹೊರಟ ಮಗುವಿನಂತೆ ಸಿಂಗಾರವಾಯಿತು.

ಆ ಶನಿವಾರ ಗಾಡಿ ಸಿಕ್ಕ ಸಿಕ್ಕ ಮರಕ್ಕೆಲ್ಲ ನಿಂತಿತು. ಇಬ್ಬರೂ ಮನೆ ಸೇರುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಚಿಕ್ಕಪ್ಪ ಮೊದಲು ಗುಜರಿಯವನನ್ನು ಬೈದ. ಮುಂದಿನ ವಾರ ಆಯಿಲ್ಲನ್ನು ಬೈದ. ಅದರ ಮುಂದಿನ ವಾರ ಊರವರ ಕಣ್ಣು ಬಿದ್ದಿದೆ ಎಂದು ಗಾಡಿಗೆ ದೃಷ್ಟಿ ತೆಗೆದ. ಗವಸನ್ನು ಮಾತ್ರ ವಾರಕ್ಕೊಮ್ಮೆ ಒಗೆದು ಇಸ್ತ್ರಿ ಮಾಡಿ ಮತ್ತೆ ಕಟ್ಟುತ್ತಿದ್ದ.

ಕೊನೆಗೊಂದು ಶನಿವಾರ ದಾರಿಯಲ್ಲಿ ಚಿಕ್ಕಮ್ಮನೇ ಬಗ್ಗಿ ನೋಡಿದಳಂತೆ.

"ಏನ್ರೀ, ಗಾಳಿ ತಗಳಾಕೆ ಅಂತ ತಂದು ಮೂಗು ಬಾಯಿ ಎಲ್ಲಾ ಕಟ್ಟೀರಲ್ಲ. ಅದು ಹೆಂಗೆ ಉಸಿರಾಡಬೇಕು?"

"ಧೂಳು ಕಣೇ."

"ಧೂಳು ಹೋಗದ ಕಡೆ ಗಾಳಿ ಹೋಗ್ತೈತೇನ್ರಿ?" ಎಂದವಳೇ ಲಾಡಿ ಬಿಚ್ಚಿ ಗವಸನ್ನು ತನ್ನ ಚೀಲಕ್ಕೆ ತುರುಕಿದಳು. ಅಲ್ಲಿಂದ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮುಂದಿನ ಶನಿವಾರ ಜಗಳೂರಿನಿಂದ ಹೊರಟಿದ್ದು ಸಂಜೆ ಕಾಫಿಗೆ ಮುಂಚೆಯೇ ಮನೆ ಮುಂದಿತ್ತು. ಚಿಕ್ಕಪ್ಪ ಬೀದಿಯವರನ್ನೆಲ್ಲ ಕರೆದು ಇಂಜಿನ್ನು ಮುಟ್ಟಿಸಿದ, ಅಂಗಡಿಗೆ ಹೋಗಿ ಅಲ್ಲಿಗೆ ಬಂದ ಗಿರಾಕಿಗಳಿಗೆಲ್ಲ ಮತ್ತೆ ಅದೇ ಹೇಳಿದ. ಚಿಕ್ಕಮ್ಮ ಸೀರೆ ಬದಲಾಯಿಸಿ ಒಲೆ ಮುಂದೆ ಕೂತಳು. ಅಜ್ಜಿ, ಅತ್ತೆಯರು, ಬಂದ ನೆಂಟರು, ಎಲ್ಲರಿಗೂ ರೊಟ್ಟಿಯಾಗಬೇಕಿತ್ತು. ಅಂಗಡಿ ಮುಚ್ಚಿ ಬಂದ ಚಿಕ್ಕಪ್ಪ ಗಂಡಸರ ಸಾಲಿನಲ್ಲಿ ಉಂಡು ಪಡಸಾಲೆಯಲ್ಲಿ ಮಲಗಿದ.

ಅದರ ಮರುವಾರ ಕಚೇರಿ ಕೆಲಸಕ್ಕೆಂದು ನಾನೂ ಜಗಳೂರಿಗೆ ಹೋಗಿದ್ದೆ. ಶಾಲೆ ಬಿಡುವ ಹೊತ್ತಿಗೆ ಇಬ್ಬರನ್ನೂ ಕಂಡು ಮಾತಾಡಿಸೋಣ ಎಂದು ಗೇಟಿನ ಬಳಿ ಹೋದೆ. ಚಿಕ್ಕಮ್ಮ ಚೀಲದಿಂದ ಆ ಖಾಕಿ ಗವಸನ್ನು ತೆಗೆದು, ಕೂತು, ಕೂಲರಿಗೆ ಕಟ್ಟುತ್ತಿದ್ದಳು.

"ಬ್ಯಾಡ್ವೇ, ಮತ್ತೆ ಬಿಸಿ ಆಗ್ತೈತೆ" ಎಂದ ಚಿಕ್ಕಪ್ಪ.

"ಆಗ್ಲಿ ಬಿಡ್ರಿ" ಎಂದಳು ತಲೆ ಎತ್ತದೆ. "ಮನಿಗೆ ಹೋದ್ರೆ ನೀವು ಅಂಗಡಿಗೆ, ನಾನು ಒಲೆಗೆ. ಹೋದ ವಾರ ನಿಮ್ ಜೊತೆ ಒಂದು ಮಾತೂ ಆಡಾಕೆ ಆಗ್ಲಿಲ್ಲ."

ನಾನು ಗೇಟಿನ ಬಳಿಯೇ ನಿಂತೆ. ಊರಿಗೆಲ್ಲ ಮಾತು ಹೇಳುವ ಚಿಕ್ಕಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಲಾಡಿಯ ಇನ್ನೊಂದು ತುದಿ ಹಿಡಿದುಕೊಂಡ.